ಇಪ್ಪತ್ತು ಗೇಜಿನ ತೂಗುಗಾಲುವೆ

ಎರೆ ಮಣ್ಣಿನ ಹಳ್ಳದಲ್ಲಿ ಸಿಮೆಂಟಿನ ಕಂಬ ನಿಲ್ಲಿಸಿ ಅದರ ಮೇಲೆ ನೀರು ದಾಟಿಸುತ್ತೇನೆ ಎನ್ನುವವನಿಗೆ ಒಂದೋ ಮಣ್ಣು ಗೊತ್ತಿರುವುದಿಲ್ಲ, ಇಲ್ಲವೇ ನೀರು ಗೊತ್ತಿರುವುದಿಲ್ಲ. ನಮ್ಮ ಕಡೆ ಕೆಲಸ ಹಿಡಿಯುವ ಗುತ್ತಿಗೆದಾರರಿಗೆ ಎರಡೂ ಗೊತ್ತಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಡಾಂಬರು ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಹಳ್ಳವಿದೆ. ಕಾಲುವೆಯ ತೂಬಿನಿಂದ ಹೊರಟ ಹೊಲಗಾಲುವೆ ಆ ಹಳ್ಳದ ದಂಡೆಗೆ ಬಂದು, ಸಿಮೆಂಟಿನ ಮೇಲ್ಗಾಲುವೆಯೊಂದರಲ್ಲಿ ಹಾದು ಆಚೆ ದಂಡೆಗೆ ಹೋಗಬೇಕಿತ್ತು. ಕೆಲವು ಮಳೆಗಾಲ ಹೋಯಿತು ಕೂಡ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯಿತು, ಮಳೆಯಲ್ಲಿ ಉಬ್ಬಿತು, ನಡುಗಂಬ ಕುಡುಕನಂತೆ ವಾಲಿತು, ಒಂದು ಸಲ ಹಳ್ಳ ಬಂದಾಗ ಎಲ್ಲವೂ ಮಲಗಿತು. ಬಿದ್ದ ತುಂಡುಗಳ ಮೇಲೆ ಈಗ ಬಟ್ಟೆ ಒಗೆಯುತ್ತಾರೆ. ಕಟ್ಟಿದವರಿಂದ ಊರಿಗಾದ ಉಪಯೋಗ ಅದೊಂದೇ.

ಸಿಂಧನೂರಿನಲ್ಲಿ ನನ್ನದು ತಗಡಿನ ಕೆಲಸದ ಅಂಗಡಿ. ಅಕ್ಕಿ ಗಿರಣಿಗಳಿಗೆ ಭತ್ತ ಸುರಿಯುವ ಹಾಪರು, ಭತ್ತ ಜಾರುವ ದೋಣಿ, ಇಂಥವು. ನನ್ನನ್ನು ಆ ಹಳ್ಳಕ್ಕೆ ಕರೆದುಕೊಂಡು ಹೋದದ್ದು ಆಚೆ ದಂಡೆಯ ಒಬ್ಬ ಹೆಣ್ಣುಮಗಳು. ಗಂಡ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸದಲ್ಲಿದ್ದ, ಒಕ್ಕಲುತನವೆಲ್ಲ ಈಕೆಯದೇ. ಹೊಲಗಾಲುವೆಯ ಕಟ್ಟಕಡೆಯ ಹೊಲ ಅವಳದು. ಗಿರಣಿಯೊಂದರಲ್ಲಿ ಭತ್ತ ಹಾಕಲು ಬಂದವಳು, ಮೇಲಿನಿಂದ ಕೆಳಕ್ಕೆ ಜಾರಿ ಬರುತ್ತಿದ್ದ ಭತ್ತವನ್ನು ನೋಡಿ, ಇದನ್ನು ಮಾಡಿದವರು ಯಾರು ಎಂದು ಕೇಳಿಕೊಂಡು ನೇರ ನನ್ನ ಅಂಗಡಿಗೆ ಬಂದಿದ್ದಳು.

"ಅಣ್ಣಾರ, ಭತ್ತ ಜಾರ್ತೈತಿ ಅಂದ್ರ ನೀರು ಜಾರೂದಿಲ್ಲೇನ್ರಿ?" ಎಂದಳು.

ಅವಳ ಸಂಕಟ ಬಿಡಿಸಿ ಹೇಳಬೇಕಾದ್ದೇನಿರಲಿಲ್ಲ. ಪಕ್ಕದವರ ಬೋರಿನ ನೀರು ಕಾಡಿ ಬೇಡಿ ಸಸಿಮಡಿ ಬೆಳೆಸಿದ್ದಳು. ಹಸಿರಾಗಿ, ದಟ್ಟವಾಗಿ ಎದ್ದಿತ್ತು. ಕಾಲುವೆಗೂ ನೀರು ಬಿಟ್ಟಾಗಿತ್ತು. ಆ ನೀರು ಹಳ್ಳದ ಈಚೆ ದಂಡೆಯವರೆಗೆ ಬಂದು ಹಳ್ಳಕ್ಕೇ ಸುರಿದುಹೋಗುತ್ತಿತ್ತು. ಸಸಿ ಮಡಿಯಲ್ಲೇ ಬಲಿತು ಗಿಣ್ಣು ಬಿದ್ದರೆ ಆಮೇಲೆ ನಾಟಿ ಮಾಡಿದರೂ ಮೇವಷ್ಟೇ ಬರುತ್ತದೆ. ಅದರೊಳಗೆ ನೀರು ಹಳ್ಳ ದಾಟಬೇಕು.

ದಂಡೆಯಿಂದ ದಂಡೆಗೆ ಅರವತ್ತು ಅಡಿ. ಹಳ್ಳದೊಳಗೆ ಒಂದು ಕಲ್ಲನ್ನೂ ಇಡಬಾರದು ಎಂದು ಅಲ್ಲೇ ನಿಂತು ತೀರ್ಮಾನಿಸಿದೆ. ಎರಡೂ ದಂಡೆಯ ಮೇಲೆ ಕಬ್ಬಿಣದ ಗೋಪುರ, ಅವುಗಳ ನೆತ್ತಿಯ ಮೇಲೆ ಹಾದು ಹೋಗುವ ಎರಡು ತಂತಿ ಹಗ್ಗ, ಆ ಹಗ್ಗಗಳಿಂದ ಇಳಿಬಿಟ್ಟ ಸರಳುಗಳ ತೊಟ್ಟಿಲಲ್ಲಿ ಉದ್ದಕ್ಕೆ ಸೀಳಿದ ಕೊಳವೆಯಂಥ ತಗಡಿನ ದೋಣಿ. ನಾಲ್ಕಡಿ ಅಗಲದ ತಗಡಿನ ಹಾಳೆಯನ್ನು ರೋಲರಿನಲ್ಲಿ ಬಾಗಿಸಿದರೆ ಹದಿನೈದು ಇಂಚು ಆಳದ ದೋಣಿಯಾಗುತ್ತದೆ. ಖಾಲಿ ತುಂಡನ್ನು ಇಬ್ಬರು ಎತ್ತಬಹುದು. ಆದರೆ ಅರವತ್ತು ಅಡಿ ತುಂಬಿ ನಿಂತ ನೀರು ನಾಲ್ಕು ಟನ್ನು ತೂಗುತ್ತದೆ. ತೂಗುವುದು ನೀರು, ತಗಡಲ್ಲ. ಇದು ತಲೆಗೆ ಹೋಗದವನು ಈ ಕೆಲಸಕ್ಕೆ ಕೈ ಹಾಕಬಾರದು.

ಕೈ ಹಾಕುವವರು ಮರುದಿನವೇ ಬಂದರು. ಹೊಲಗಾಲುವೆಯ ಉಸ್ತುವಾರಿ, ದುಡ್ಡು ಎರಡೂ ಕೈಯಲ್ಲಿದ್ದ ನೀರು ಬಳಕೆದಾರರ ಸಂಘದ ಅಧ್ಯಕ್ಷರು ಬಿಳಿ ಬಟ್ಟೆಯಲ್ಲಿ, ಅವರ ಹಿಂದೆ ಸಂಘದ ಸದಸ್ಯರು, ಎಲ್ಲರಿಗಿಂತ ಹಿಂದೆ ಇಲಾಖೆಯ ಕಿರಿಯ ಎಂಜಿನಿಯರ್. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಆ ಸಂಘದ ಮಟ್ಟಿಗೆ ಇವರೇ ಉಳಿದವರು. ಎಂಜಿನಿಯರ್ ನನ್ನ ನಕ್ಷೆಯನ್ನು ಉಲ್ಟಾ ಹಿಡಿದು ನೋಡಿ, ಸರಿಯಾಗಿ ಹಿಡಿದು ನೋಡಿ, ಮಡಚಿ ಕೊಟ್ಟ.

"ಇದು ನಮ್ಮ ಟೈಪ್ ಡಿಸೈನಿನ್ಯಾಗ ಇಲ್ರೀ."

"ಬಿದ್ದದ್ದು ಇತ್ತೇನ್ರೀ?" ಎಂದೆ.

"ಹಾಂ, ಅದು ಇತ್ರೀ" ಎಂದ, ಒಂದಿಷ್ಟೂ ನಾಚದೆ.

ಅಧ್ಯಕ್ಷರಿಗೆ ಹಗ್ಗ, ಗೋಪುರ ಯಾವುದೂ ಬೇಕಿರಲಿಲ್ಲ. ಅವರದು ಒಂದೇ ಪ್ರಶ್ನೆ. "ತಗಡು ಎಷ್ಟು ಗೇಜು?"

"ಹದಿನಾಲ್ಕು" ಎಂದೆ.

ಅವರು ಸದಸ್ಯರ ಕಡೆ ತಿರುಗಿ ನಕ್ಕರು. "ಬರೇ ಹದಿನಾಲ್ಕು! ಕೇಳಿದ್ರೇನು? ಇಪ್ಪತ್ತಾದ್ರೂ ಬ್ಯಾಡೇನು?"

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಕಾಲುವೆ ಸೀಮೆಯಲ್ಲಿ ಗೇಜು ಎಂಬುದು ದೇವರ ಹೆಸರಿದ್ದ ಹಾಗೆ. ಕಾಲುವೆಯಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂದು ತೋರಿಸುವ ಗೆರೆಗಳ ಪಟ್ಟಿಗೆ ಗೇಜು ಎನ್ನುತ್ತಾರೆ. ಗೇಜು ಏರಿದರೆ ಸಂಭ್ರಮ, ಇಳಿದರೆ ರಸ್ತೆ ತಡೆ. ಈ ಅಧ್ಯಕ್ಷರು ದೊಡ್ಡವರಾದದ್ದೇ "ಗೇಜ್ ಕಾಯಿರಿ, ಇಲ್ಲಾಂದ್ರ ಕುರ್ಚಿ ಬಿಡ್ರಿ" ಎಂದು ಅಧಿಕಾರಿಗಳ ಮುಂದೆ ಕೂಗಿ. ತಗಡಿನ ಗೇಜು ಬೇರೆ. ಅಲ್ಲಿ ಅಂಕಿ ಏರಿದಷ್ಟೂ ತಗಡು ತೆಳ್ಳಗಾಗುತ್ತದೆ. ಹದಿನಾಲ್ಕು ಗೇಜು ಸುಮಾರು ಎರಡು ಮಿಲಿಮೀಟರ್ ದಪ್ಪ, ಇಪ್ಪತ್ತು ಅದರ ಅರ್ಧವೂ ಇಲ್ಲ. ಇಪ್ಪತ್ತರಲ್ಲಿ ನಾವು ಕೂಲರಿನ ಡಬ್ಬಿ ಮಾಡುತ್ತೇವೆ.

ಇದನ್ನೇ ಅವರಿಗೆ ತಿಳಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ.

"ನಂಬರ್ ಏರಿದಂಗ ತೆಳ್ಳಗ ಆಗ್ತೈತಂತ!" ಎಂದರು ಅಧ್ಯಕ್ಷರು. "ನಾ ಹುಟ್ಟಿ ಬೆಳ್ದದ್ದು ಕೆನಾಲ್ ದಂಡಿಮ್ಯಾಗ. ಗೇಜ್ ಏರಿದ್ರ ಚಲೋನೋ ಇಳಿದ್ರ ಚಲೋನೋ ನೀವು ನನಗ ಕಲಸ್ತೀರೇನು? ನಿಮ್ಮಂಥೋರು ಕಡಿಮಿ ಗೇಜ್ ಹಾಕಿ ಓಡಿಹೋಗೂದು ನಾವು ನೋಡಿಲ್ಲೇನು?"

ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿ ಸುತ್ತ ನಿಂತಿದ್ದರು. "ಬರಾಬ್ಬರಿ ಐತ್ರಿ, ಬರಾಬ್ಬರಿ" ಎಂದರು. ಅಂದೇ ಸಂಘದ ಠರಾವು ಆಯಿತು: ದೋಣಿಯ ತಗಡು ಇಪ್ಪತ್ತು ಗೇಜಿಗೆ ಕಡಿಮೆ ಇರತಕ್ಕದ್ದಲ್ಲ. ಎಂಜಿನಿಯರನನ್ನು ನೋಡಿದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಳ್ಳದಲ್ಲಿ ನಿಂತ ಎಮ್ಮೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ತೂಗುವ ಕೆಲಸಕ್ಕೆ ನನಗೆ ಹಟ್ಟಿಯ ಒಬ್ಬ ಫಿಟ್ಟರ್ ಕಾಕಾ ಸಿಕ್ಕರು. ಗಣಿಯಲ್ಲಿ ಹಗ್ಗದ ಕೆಲಸ ಮಾಡಿ ನಿವೃತ್ತರಾದವರು. ಮಹಾ ಜಂಬದ ಮನುಷ್ಯ. "ನೆಲದ ಮ್ಯಾಲಿನ ಮಂದಿಗೆ ತೂಗ್ಹಾಕೂದು ಏನ್ ಗೊತ್ತು? ತೊಟ್ಲ ಒಂದ ಗೊತ್ತು" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರ ಪಕ್ಕ ನಿಂತರೆ ನಾನೂ ವಿನಯವಂತನ ಹಾಗೆ ಕಾಣುತ್ತಿದ್ದೆ. ಇಬ್ಬರೂ ಹಗ್ಗಕ್ಕಾಗಿ ಲಿಂಗಸುಗೂರಿಗೆ ಹೋದೆವು. ಗುಜರಿಯವನು ಸುರುಳಿಯೊಂದನ್ನು ತೋರಿಸಿ, ಹೊಸದರ ಹಾಗೇ ಇದೆ ಎಂದ. ಕಾಕಾ ಒಂದು ಮೊಳೆ ತುರುಕಿ ಹಗ್ಗದ ಎಳೆ ಬಿಡಿಸಿ ಒಳಗಿನ ತುಕ್ಕನ್ನು ಅವನ ಅಂಗೈ ಮೇಲೆ ಉದುರಿಸಿದರು. "ಇದನ್ನ ಹಣಿಗೆ ಹಚ್ಗೋ" ಎಂದರು. ಹೊಸ ಹಗ್ಗವನ್ನೇ ತಂದೆವು.

ಗೋಪುರದ ಹಿಂದೆ ಹಗ್ಗದ ತುದಿ ಹಿಡಿಯುವ ದಿಮ್ಮಿಗಳಿಗಾಗಿ ಎರೆ ದಾಟಿ ಅದರ ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ತಗ್ಗು ತೋಡಿಸಿದೆ. ತುಂಬಿದ ದೋಣಿ ಒಂದೊಂದು ಹಗ್ಗವನ್ನು ಮೂರು ಟನ್ನಿನಷ್ಟು ಎಳೆಯುತ್ತದೆ. ಎರೆಯಲ್ಲಿ ಹೂತ ದಿಮ್ಮಿ ಅಷ್ಟಕ್ಕೆ ಬೆಣ್ಣೆಯಲ್ಲಿ ಇಟ್ಟ ಚಾಕುವಿನಂತೆ ಜಾರಿ ಬರುತ್ತಿತ್ತು. ಹಗ್ಗದ ತುದಿ ಮಡಚಿ ಕ್ಲಿಪ್ ಹಾಕುವಾಗ ಕಾಕಾ ಯಾರನ್ನೂ ಮುಟ್ಟಲು ಬಿಡಲಿಲ್ಲ. ಕ್ಲಿಪ್ಪಿನ ಹಲ್ಲು ಭಾರ ಹೊರುವ ಹಗ್ಗದ ಮೇಲೆ ಕೂರಬೇಕು, ಬಾಗಿದ ಬೋಲ್ಟು ಬರಿ ಬಾಲದ ಮೇಲೆ. ತಿರುವುಮುರುವಾದರೆ ಬೋಲ್ಟು ಹಗ್ಗವನ್ನೇ ತಿನ್ನುತ್ತದೆ.

ಅಷ್ಟರಲ್ಲಿ ಅಧ್ಯಕ್ಷರು ತಾವೇ ಖರೀದಿಸಿದ ತಗಡನ್ನು ಟ್ರ್ಯಾಕ್ಟರಿನಲ್ಲಿ ತಂದು ದಂಡೆಯ ಮೇಲೆ ಇಳಿಸಿದರು. ಹೊಳೆಯುವ ಇಪ್ಪತ್ತು ಗೇಜು. ಗಾಳಿಗೆ ಮೇಲಿನ ಹಾಳೆ ಪಟಪಟ ಬಡಿಯುತ್ತಿತ್ತು. ಇದನ್ನು ನಾನು ತೂಗುವುದಿಲ್ಲ ಎಂದು ಹೇಳಿ ಅಂಗಡಿಗೆ ಬಂದುಬಿಟ್ಟೆ. ಸಂಜೆ ಆ ಹೆಣ್ಣುಮಗಳು ಬಂದಳು. ಕೈಯಲ್ಲಿ ಮಡಿಯಿಂದ ಕಿತ್ತ ಒಂದು ಹಿಡಿ ಸಸಿ. ಒಂದನ್ನು ನನ್ನ ಮುಂದೆ ಸೀಳಿ ತೋರಿಸಿದಳು.

"ಇನ್ನೂ ಗಿಣ್ಣು ಬಿದ್ದಿಲ್ಲ ನೋಡ್ರಿ. ನಿಮ್ಮ ನಿಮ್ಮ ಜಗಳ ಆಮ್ಯಾಲ ಮಾಡ್ಕೊರಿ. ತೆಳ್ಳಗರ ಇರಲಿ ದಪ್ಪರ ಇರಲಿ, ಈಗ ನೀರು ದಾಟಸ್ರಿ."

ಸಸಿ ನೋಡಿ ನನ್ನ ಹಟ ಸಡಿಲಾಯಿತು. ಹೇಗೂ ತಗಡು ಬಂದಿದೆ, ತೊಟ್ಟಿಲುಗಳನ್ನು ಎರಡರಷ್ಟು ಹಾಕಿದರೆ ನಾಟಿ ಮುಗಿಯುವವರೆಗಾದರೂ ತಡೆಯಬಹುದು ಎಂದು ಲೆಕ್ಕ ಹಾಕಿದೆ. ಹಾಳೆಗಳನ್ನು ಬಾಗಿಸಿ, ತೊಟ್ಟಿಲುಗಳನ್ನು ಒತ್ತೊತ್ತಾಗಿ ಕಟ್ಟಿ, ದೋಣಿ ತೂಗಿದೆವು. ದೂರದಿಂದ ನೋಡಲು ಬೆಳ್ಳಿಯ ಡಾಬಿನಂತೆ ಚೆಂದ ಕಾಣುತ್ತಿತ್ತು. ಅಧ್ಯಕ್ಷರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ನೀರು ಬಿಟ್ಟೆವು. ಕಾಲುಭಾಗ ತುಂಬುವವರೆಗೆ ಎಲ್ಲವೂ ಸರಿಯಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಎರಡು ತೊಟ್ಟಿಲುಗಳ ನಡುವೆ ತಗಡು ಹೊಟ್ಟೆ ಬಿಟ್ಟಿತು. ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡಿತು. ಒಂದು ಕಡೆ ಮಡಚಿದ್ದೇ ನೀರು ಅತ್ತ ಸರಿದು ಇಡೀ ದೋಣಿ ಜೋಲಿ ಹೊಡೆಯಲಾರಂಭಿಸಿತು. ಕಾಕಾ "ತೂಬು ಮುಚ್ರಲೇ!" ಎಂದು ಕೂಗುತ್ತಿದ್ದಂತೆಯೇ ನಡುವಿನ ತುಂಡು ಬಾಯಿ ಮುಚ್ಚಿಕೊಂಡು ತಿರುಚಿ ನೀರನ್ನೆಲ್ಲ ಹಳ್ಳಕ್ಕೆ ಚೆಲ್ಲಿತು. ಬಟ್ಟೆ ಒಗೆಯುತ್ತಿದ್ದವರು ಎದ್ದು ಓಡಿದರು. ಹಗ್ಗ, ಗೋಪುರ, ದಿಮ್ಮಿ ಒಂದೂ ಅಲುಗಲಿಲ್ಲ. ಸತ್ತದ್ದು ತಗಡು ಮಾತ್ರ.

ಅಧ್ಯಕ್ಷರು ದಂಡೆಯ ಅಂಚಿಗೆ ಬಂದು ತಿರುಚಿದ ತಗಡನ್ನು ನೋಡಿದರು. ಈಗಲಾದರೂ ಬುದ್ಧಿ ಬಂದೀತೆಂದು ನಾನು ಕಾದೆ. ಅವರು ಬಾಯಿ ತೆರೆದರು.

"ನಾ ಹೇಳಿದ್ದಿಲ್ಲೇನು? ಇಪ್ಪತ್ತೂ ಸಾಲಲಿಲ್ಲ. ಇಪ್ಪತ್ನಾಕು ಹಾಕಬೇಕಿತ್ತು."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಂಥ ತಲೆಗಳನ್ನು ನಾವು ಎತ್ತಿ ಎತ್ತಿ ಕುರ್ಚಿಯ ಮೇಲೆ ಕೂರಿಸುತ್ತೇವಲ್ಲ ಎಂದು ಮೈ ಉರಿಯಿತು. ಎಂಜಿನಿಯರ್ ಮಾತ್ರ ಆ ದಿನ ಒಂದು ಉಪಕಾರ ಮಾಡಿದ. ಠರಾವು ಬದಲಿಸಬೇಕೆಂದರೆ ಮತ್ತೆ ಸಭೆ ಕರೆಯಬೇಕು, ಅದಕ್ಕೆ ನೋಟಿಸು ಕೊಡಬೇಕು ಎಂದು ಮೆಲ್ಲಗೆ ಹೇಳಿದ. ಅಧ್ಯಕ್ಷರಿಗೆ ಅಷ್ಟು ವ್ಯವಧಾನವಿರಲಿಲ್ಲ. "ಹಂಗಾದ್ರ ಇಪ್ಪತ್ತ ಇರಲಿ. ಆದ್ರ ಗಟ್ಟಿ ಇಪ್ಪತ್ತು ಹಾಕ್ರಿ" ಎಂದು ಅಪ್ಪಣೆ ಕೊಟ್ಟು ಜೀಪು ಹತ್ತಿದರು.

ಎಲ್ಲರೂ ಹೋದ ಮೇಲೆ ಹೆಣ್ಣುಮಗಳು ನನ್ನ ಮುಂದೆ ಬಂದು ನಿಂತಳು. ಆಕೆ ಅಳುವವಳಲ್ಲ.

"ತಡಿಯೂದಿಲ್ಲಂತ ನಿಮಗ ಗೊತ್ತಿತ್ತಲ್ರೀ ಅಣ್ಣಾರ?"

"ಸ್ವಲ್ಪ ದಿನ ತಡೀತೈತಿ ಅನ್ಕೊಂಡಿದ್ದೆ."

"ಅವರಿಗೆ ತಗಡು ಗೊತ್ತಿಲ್ಲ. ನಿಮಗ ಆ ಮಂದಿ ಗೊತ್ತಿಲ್ಲ" ಎಂದಳು. "ಅವರ ಕೂಡ ವಾದ ಮಾಡಿದ್ರ ನಮ್ಮ ಸಸಿ ಮುದುಕಿ ಆಗ್ತೈತಿ."

ಅಲ್ಲೇ, ಆ ತಿರುಚಿದ ತಗಡಿನ ಪಕ್ಕದಲ್ಲಿ, ಇನ್ನು ಯಾರಿಗೂ ಏನನ್ನೂ ತಿಳಿಸಿ ಹೇಳುವುದಿಲ್ಲ ಎಂದು ನಿರ್ಧರಿಸಿದೆ. ತಿಳಿಸಿ ಹೇಳುವುದು ತಿಳಿದುಕೊಳ್ಳುವವರಿಗೆ. ನನ್ನ ಅಂಗಡಿಯಲ್ಲಿ ಗಿರಣಿಯೊಂದರ ಹಾಪರಿಗೆಂದು ತಂದಿಟ್ಟ ಹದಿನಾಲ್ಕು ಗೇಜಿನ ಹಾಳೆಗಳಿದ್ದವು. ಗಿರಣಿಯವನು ಹೊಸ ಭತ್ತ ಬರುವವರೆಗೆ ಕಾಯಬಲ್ಲ, ಸಸಿ ಕಾಯುವುದಿಲ್ಲ. ಸಂಘದ ಇಪ್ಪತ್ತು ಗೇಜಿನ ತಗಡನ್ನು ಬದಲಿಗೆ ಅಂಗಡಿಗೆ ಒಯ್ದೆ. ಮುಂದಿನ ಬೇಸಿಗೆಯಲ್ಲಿ ಅದು ಕೂಲರಾಗಿ ಸಿಂಧನೂರಿನ ಕಿಟಕಿಗಳಲ್ಲಿ ಕೂತಿತು. ಅದರ ಯೋಗ್ಯತೆಯೂ ಅಷ್ಟೇ ಇತ್ತು.

ಎರಡನೇ ಸಲ ಕೆಲಸವನ್ನು ಬಿಗಿಯಾಗಿ ಹಿಡಿದೆ. ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಕೂರುವಂತೆ, ನೀರು ಹರಿಯುವ ದಿಕ್ಕಿಗೇ, ಮನೆಯ ಹೆಂಚಿನ ಹಾಗೆ ಜೋಡಿಸಿದೆ. ಬಾಯಿ ಅಗಲವಾಗದಂತೆ, ಮುಚ್ಚಿಕೊಳ್ಳದಂತೆ ಅಂಚಿಗೆ ಕೋನಪಟ್ಟಿ ಬೆಸೆದು ಅಡ್ಡಸರಳು ಕೊಟ್ಟೆ. ನಮ್ಮ ಬಿಸಿಲಿಗೆ ಅರವತ್ತು ಅಡಿ ಕಬ್ಬಿಣ ಬೆಳೆಯುತ್ತದೆ, ಆದ್ದರಿಂದ ಆಚೆ ತುದಿಯನ್ನು ಬಿಗಿಯದೆ ಟ್ಯೂಬಿನ ರಬ್ಬರಿನ ಮೇಲೆ ಜಾರಲು ಬಿಟ್ಟೆ. ಕೊನೆಯದು ಮಟ್ಟ. ಖಾಲಿ ದೋಣಿಯನ್ನು ನೆಟ್ಟಗೆ ತೂಗಿದರೆ ನೀರು ತುಂಬಿದಾಗ ಹಗ್ಗ ಜಗ್ಗಿ ನಡು ತಗ್ಗಾಗುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಸರಳಿನ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ ನಡುವನ್ನು ಮೊದಲೇ ಎತ್ತರಿಸಿಟ್ಟೆವು. ಕಾಕಾ ಒಂದು ಕಣ್ಣು ಮುಚ್ಚಿ ದೋಣಿಯುದ್ದಕ್ಕೂ ನೋಡಿ, "ನೆಲದ ಮ್ಯಾಲಿನವಗ ಇಷ್ಟು ಬಂದ್ರ ಸಾಕು" ಎಂದರು. ಅವರ ಬಾಯಿಂದ ಅದು ಬಿರುದು.

ಉಳಿದದ್ದು ಠರಾವು. ಇಪ್ಪತ್ತು ಗೇಜು ಎಂದು ಬರೆದದ್ದಕ್ಕೆ ಇಪ್ಪತ್ತು ತೋರಿಸಲೇಬೇಕು. ಕೆಂಪು ಬಣ್ಣದ ಡಬ್ಬಿ ತರಿಸಿದೆ. ದೋಣಿಯ ಬಾಯಲ್ಲಿ, ಒಳಮೈಗೆ, ತಳದಿಂದ ಮೇಲಕ್ಕೆ ಮುಕ್ಕಾಲು ಇಂಚಿಗೊಂದರಂತೆ ಗೆರೆ ಎಳೆದು ಅಂಕಿ ಬರೆದೆ. ಹದಿನೈದು ಇಂಚು ಆಳಕ್ಕೆ ಸರಿಯಾಗಿ ಇಪ್ಪತ್ತು ಗೆರೆ. ಬರೆಯುವಾಗ ನನ್ನಷ್ಟಕ್ಕೆ ನಗುತ್ತಿದ್ದೆ. ಹೆಣ್ಣುಮಗಳು ಬಂದು ಅದೇನೆಂದು ಕೇಳಿದಳು.

"ಅಧ್ಯಕ್ಷರಿಗೆ ಆಡಾಕ ಆಟಿಗಿ" ಎಂದೆ.

ಅವಳು ನಗಲಿಲ್ಲ. ಬಗ್ಗಿ ಗೆರೆಗಳನ್ನು ಒಂದೊಂದಾಗಿ ನೋಡಿದಳು.

ತಪಾಸಣೆಗೆ ಬಂದ ಎಂಜಿನಿಯರ್ ತಗಡನ್ನು ಬೆರಳಲ್ಲಿ ತಟ್ಟಿ, ದಪ್ಪ ಸದ್ದು ಕೇಳಿ ನನ್ನ ಮುಖ ನೋಡಿದ. "ಇಪ್ಪತ್ತು ಗೇಜು ಎಲ್ಲೈತ್ರಿ?" ಎಂದ. ಕೆಂಪು ಗೆರೆಗಳನ್ನು ತೋರಿಸಿದೆ. ಅವನು ಎರಡು ಸಲ ಕೆಮ್ಮಿ, "ಐತಿ ಬಿಡ್ರಿ" ಎಂದು ಸಹಿ ಹಾಕಿದ. ಮರುದಿನ ಅಧ್ಯಕ್ಷರು ತೆಂಗಿನಕಾಯಿ ಒಡೆದರು. ಬಗ್ಗಿ "ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು" ಎಂದು ಗಟ್ಟಿಯಾಗಿ ಓದಿದರು. ದೋಣಿಗೆ ಗುದ್ದಿ ನೋಡಿ ಕೈ ಝಾಡಿಸಿಕೊಂಡರು.

"ನೋಡ್ರಿ! ಬರಾಬ್ಬರಿ ಗೇಜ್ ಹಾಕಿದ್ರ ಹೆಂಗ ಮಜಬೂತ್ ಆಗ್ತೈತಿ. ಇನ್ನ ಈ ಕಾಲುವಿಯೊಳಗ ಗೇಜ್ ಹೇಳಿದ ಮಾತ ಮಾತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಎಲ್ಲರಿಗಿಂತ ಜೋರಾಗಿ ತಟ್ಟಿದರು. ತೂಬು ತೆರೆದಾಗ ನೀರು ದೋಣಿಯೊಳಗೆ ನುಗ್ಗಿ, ಎತ್ತರಿಸಿಟ್ಟ ನಡು ಮೆಲ್ಲಗೆ ಇಳಿದು ಮಟ್ಟಕ್ಕೆ ಬಂದು ನಿಂತಿತು. ಆಚೆ ದಂಡೆಯಲ್ಲಿ ಹೆಣ್ಣುಮಗಳು ಸಲಿಕೆ ಹಿಡಿದು ನೀರಿನ ಮುಂದೆ ಮುಂದೆ ಓಡುತ್ತಿದ್ದಳು. ಸಸಿ ಬಲಿಯುವ ಅಂಚಿಗೆ ಬಂದಿತ್ತು. ಒಂದೊಂದು ಗುಣಿಗೆ ನಾಲ್ಕೈದು ಸಸಿ ಸೇರಿಸಿ, ಒತ್ತಾಗಿ ನಾಟಿ ಮಾಡಿಸಿದಳು. ಹಿಡಿಯಿತು.

ನನ್ನ ಕೆಲಸ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಭತ್ತ ಹೊಡೆ ತುಂಬುವ ಹೊತ್ತಿಗೆ ಅವಳ ಫೋನು ಬಂತು.

"ಅಣ್ಣಾರ, ದಿನಾ ಮುಂಜಾನೆ ಗೆರಿ ನೋಡ್ತೀನಿ. ಹದಿನಾರಕ್ಕ ನಿಂದರ್ತಿತ್ತು. ಈಗ ಒಂಬತ್ತಕ್ಕ ಬಂದೈತಿ. ನಿಮ್ಮ ದೋಣಿ ಸೋರಾಕತ್ತೈತೇನು?"

ನನ್ನ ದೋಣಿ ಸೋರುವುದೇ? ಮೈ ಉರಿದು ಆಗಲೇ ಹೊರಟೆ. ಒಂದು ಹನಿ ಸೋರುತ್ತಿರಲಿಲ್ಲ. ಇಬ್ಬರೂ ಹೊಲಗಾಲುವೆಯ ದಂಡೆ ಹಿಡಿದು ತೂಬಿನ ಕಡೆ ನಡೆದೆವು. ದಾರಿಯ ನಡುವೆ ಅಧ್ಯಕ್ಷರದೇ ಹೊಲ. ಅದರ ಬದುವಿನಲ್ಲಿ ಹುಲ್ಲು ಮುಚ್ಚಿದ ಕರಿ ಪೈಪುಗಳು ಕಾಲುವೆಗೆ ಬಾಯಿಟ್ಟು ಗುಟುಗುಟು ನೀರು ಕುಡಿಯುತ್ತಿದ್ದವು. ಸರದಿ ಅವರದಲ್ಲ. ನನಗೆ ಆಶ್ಚರ್ಯವೂ ಆಗಲಿಲ್ಲ. ಕಾಲುವೆ ಸೀಮೆಯಲ್ಲಿ ಪ್ರತಿ ವರ್ಷವೂ ಹೀಗೇ ಇರುತ್ತಿತ್ತು, ಕಡೆಯ ಹೊಲದವರು ನೀರು ಕಡಿಮೆ ಎಂದರೆ ನಿಮಗೆ ಹಾಗನ್ನಿಸುತ್ತದೆ ಎಂದು ಬಾಯಿ ಮುಚ್ಚಿಸುತ್ತಿದ್ದರು. ತೋರಿಸಲು ಕಡೆಯ ಹೊಲದವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಸಂಘದ ಸಭೆಗೆ ಅವಳು ನನ್ನನ್ನೂ ಕರೆದುಕೊಂಡು ಹೋದಳು, ದೋಣಿ ಸೋರುವುದಿಲ್ಲ ಎಂದು ಹೇಳುವುದಕ್ಕೆ. ಎಂಜಿನಿಯರ್ ಕೂಡ ಇದ್ದ. ಅವಳು ಎದ್ದು ನಿಂತು ಪೈಪಿನ ಸುದ್ದಿಯನ್ನೇ ಎತ್ತಲಿಲ್ಲ.

"ಅಧ್ಯಕ್ಷರ, ಗೇಜ್ ಹದಿನಾರಿತ್ತು, ಒಂಬತ್ತಾಗೈತಿ. ಗೇಜ್ ಹೇಳಿದ ಮಾತ ಮಾತು ಅಂತ ನೀವ ಹೇಳೀರಿ. ಗೇಜ್ ಯಾಕ ಇಳೀತು?"

ಇದು ಅಧ್ಯಕ್ಷರು ಅಧಿಕಾರಿಗಳನ್ನು ಕೇಳುತ್ತ ಬಂದ ಅವರದೇ ಪ್ರಶ್ನೆ. ಗೇಜು ಸುಳ್ಳು ಎನ್ನುವ ಹಾಗಿರಲಿಲ್ಲ, ತಾವೇ ಕಾಯಿ ಒಡೆದಿದ್ದರು. "ಹೌದಲ್ರೀ, ಯಾಕ ಇಳೀತು?" ಎಂದು ಬರಾಬ್ಬರಿ ಎನ್ನುವವರೇ ಒಬ್ಬರನ್ನೊಬ್ಬರು ಕೇಳಿಕೊಂಡರು. ಎಂಜಿನಿಯರ್ ಈ ಸಲ ಎಮ್ಮೆ ನೋಡಲಿಲ್ಲ. ನಾಳೆ ಕಾಲುವೆಯುದ್ದಕ್ಕೂ ನಡೆದು ನೋಡುತ್ತೇನೆ ಎಂದ. ಅವನು ನಡೆಯುವ ಮೊದಲೇ, ಬೆಳಗಾಗುವಷ್ಟರಲ್ಲಿ, ಪೈಪುಗಳು ಹೋಗಿದ್ದವು. ಗೇಜು ಹದಿನಾರಕ್ಕೆ ಬಂದಿದೆ ಎಂದು ಅವಳು ಫೋನಿನಲ್ಲಿ ಹೇಳಿದಳು. ನಾನು ಗೇಲಿಗೆ ಎಳೆದ ಗೆರೆಗಳನ್ನು ಅವಳು ಮೊದಲ ದಿನವೇ ಬೇರೆ ಕಣ್ಣಿನಿಂದ ಓದಿದ್ದಳು. ಆ ಹಳ್ಳದಲ್ಲಿ ನನ್ನ ತಿರಸ್ಕಾರದಿಂದ ಹೊರಗೆ ಉಳಿದವಳು ಅವಳೊಬ್ಬಳೇ.

ಕೆಲವು ದಿನಗಳ ನಂತರ ಅಧ್ಯಕ್ಷರ ಜೀಪು ನನ್ನ ಅಂಗಡಿಯ ಮುಂದೆ ನಿಂತಿತು. ಕೂತರು, ಚಹಾ ಕುಡಿದರು, ಹವಾಮಾನ ಮಾತಾಡಿದರು. ಕೊನೆಗೆ ದನಿ ತಗ್ಗಿಸಿದರು.

"ಆ ಕೆಂಪು ಗೆರಿ ಅದಾವಲ್ರೀ, ಜರಾ ಬಣ್ಣ ಬಳ್ದು ಅಳಿಸಿಬಿಡ್ರಿ. ಸುಮ್ನ ಮಂದ್ಯಾಗ ಕಿರಿಕಿರಿ."

"ಹೆಂಗ ಅಳಸ್ಲಿ ಸಾಹೇಬ್ರ?" ಎಂದೆ. "ಇಪ್ಪತ್ತು ಗೇಜಿಗೆ ಕಡಿಮಿ ಇರಬಾರ್ದಂತ ನಿಮ್ದ ಠರಾವೈತಿ. ಒಂದು ಗೆರಿ ಅಳಿಸಿದ್ರೂ ಹತ್ತೊಂಬತ್ತಾಗ್ತೈತಿ."